ಫ್ಯಾಟಿ ಲಿವರ್‌ಗೆ ಹೊಲದಾಗಿನ ಗಿಡ ಮದ್ದಾಗ್ತದಾ? ಅರಿಶಿನ, ದ್ರಾಕ್ಷಿ, ನೆಲನೆಲ್ಲಿಯ ಕಥೆ



ನಮ್ಮ ಅಥಣಿ, ರಾಯಬಾಗ ಭಾಗದ ದ್ರಾಕ್ಷಿ ಮತ್ತು ಕಬ್ಬು ಬೆಳೆಗಾರರ ವಾಟ್ಸಾಪ್ ಗುಂಪುಗಳಲ್ಲಿ ಎರಡು ನಮೂನೆಯ ಮೆಸೇಜ್ ಪದೇ ಪದೇ ಬರ್ತಾವ. ಒಂದು, ಇಂಥ ಗಿಡದ ಕಷಾಯ ಇಷ್ಟು ದಿನ ಕುಡಿದರೆ ಲಿವರ್‌ನ ಕೊಬ್ಬು ಕರಗಿ ಹೋಗ್ತದ ಅನ್ನೋದು. ಇನ್ನೊಂದು, ಅದೇ ಗಿಡವನ್ನು ಎಕರೆಗಟ್ಟಲೆ ಹಚ್ಚರಿ, ನಾವೇ ಖರೀದಿ ಮಾಡ್ತೀವಿ ಅನ್ನೋದು. ಎರಡರಲ್ಲೂ ಒಂದು ಮಾತು ಮಾತ್ರ ಕಾಯಂ: ವಿಜ್ಞಾನಿಗಳು ಈ ಗಿಡದಾಗ ಲಿವರ್ ಕಾಪಾಡುವ ಅಂಶ ಕಂಡುಹಿಡಿದಾರ.

ಕಂಡುಹಿಡಿದಿರೋದು ಸುಳ್ಳಲ್ಲ. ಆದರೆ ಗಿಡದಾಗ ಒಂದು ಅಂಶ ಸಿಗೋದು ಬೇರೆ, ಆ ಅಂಶ ಮನುಷ್ಯನ ಲಿವರ್‌ಗೆ ಉಪಯೋಗ ಆಗೋದು ಬೇರೆ. ಇವೆರಡರ ನಡುವೆ ಎಷ್ಟು ದೊಡ್ಡ ದಾರಿ ಐತಿ ಅಂತ ಈ ವಾರ ನೋಡೋಣ. ಇದು ನಮಗ್ಯಾಕೆ ಬೇಕು ಅಂದರೆ, ಫ್ಯಾಟಿ ಲಿವರ್ ಈಗ ಬರೀ ಪ್ಯಾಟಿ ಮಂದಿ ರೋಗ ಆಗಿ ಉಳಿದಿಲ್ಲ. ಭಾರತದಲ್ಲಿ ನಡೆದ ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿ 2022ರಲ್ಲಿ ಪ್ರಕಟವಾದ ಒಂದು ವಿಶ್ಲೇಷಣೆ ದೊಡ್ಡವರಲ್ಲಿ ಇದರ ಪ್ರಮಾಣ ಶೇ 38.6 ಎಂದಿತು. ಅಂದರೆ ಮೂರರಲ್ಲಿ ಒಬ್ಬರಿಗಿಂತ ಜಾಸ್ತಿ. ಹೊಟ್ಟೆ ಸ್ಕ್ಯಾನಿಂಗ್ ಮಾಡಿಸಿದ ಮೂವತ್ತರ ಹುಡುಗರ ರಿಪೋರ್ಟಿನಲ್ಲೂ ಗ್ರೇಡ್ 1 ಫ್ಯಾಟಿ ಲಿವರ್ ಅಂತ ಬರೋದು ಈಗ ಸಾಮಾನ್ಯ.

ಮೊದಲು ರೋಗದ ಬಗ್ಗೆ ನಾಲ್ಕು ಮಾತು

ಲಿವರ್‌ನ ಜೀವಕೋಶಗಳಲ್ಲಿ ಶೇ 5ಕ್ಕಿಂತ ಹೆಚ್ಚಿನವುಗಳಲ್ಲಿ ಕೊಬ್ಬು ತುಂಬಿಕೊಂಡರೆ ಅದನ್ನು ಫ್ಯಾಟಿ ಲಿವರ್ ಅನ್ನುತ್ತಾರೆ. ದಾರೂ ಕುಡಿಯುವವರಿಗೆ ಬರ್ತದ, ಒಂದು ಹನಿ ಮುಟ್ಟದವರಿಗೂ ಬರ್ತದ. ಶುರುವಿನಲ್ಲಿ ನೋವಿಲ್ಲ, ತ್ರಾಸಿಲ್ಲ. ಕೆಲವರಲ್ಲಿ ಮಾತ್ರ ಅದು ಉರಿಯೂತಕ್ಕೆ ತಿರುಗಿ, ಲಿವರ್ ಗಟ್ಟಿಯಾಗುತ್ತಾ, ಕೊನೆಗೆ ಸಿರೋಸಿಸ್‌ವರೆಗೆ ಹೋಗುತ್ತದೆ. ಯಾರಲ್ಲಿ ಹೋಗುತ್ತದೆ ಅಂತ ಕಷಾಯ ಕುಡಿದು ಗೊತ್ತಾಗೋದಿಲ್ಲ, ಪರೀಕ್ಷೆಯಿಂದಲೇ ಗೊತ್ತಾಗಬೇಕು.

ಕಬ್ಬಿನ ನಾಡಿನವರಾದ ನಾವು ಒಂದು ವಿಷಯ ಒಪ್ಪಿಕೊಳ್ಳಲೇಬೇಕು. ಸಕ್ಕರೆಯ ಅರ್ಧ ಭಾಗ ಫ್ರಕ್ಟೋಸ್. ಅದನ್ನು ಸಂಭಾಳಿಸುವ ಕೆಲಸದ ದೊಡ್ಡ ಪಾಲು ಲಿವರ್ ಮೇಲೆ ಬೀಳುತ್ತದೆ, ಹೆಚ್ಚಾದದ್ದನ್ನು ಲಿವರ್ ಕೊಬ್ಬಾಗಿ ಮಾಡಿ ಇಡುತ್ತದೆ. ದಿನಕ್ಕೆ ಆರೇಳು ಕಪ್ ಸಿಹಿ ಚಹಾ, ಮೇಲೊಂದು ಬಾಟ್ಲಿ ಕೋಲ್ಡ್ರಿಂಕ್ಸ್ ಆದರೆ ಲೆಕ್ಕ ನೀವೇ ಹಾಕಿರಿ. ಸಾವಯವ ಬೆಲ್ಲ ಆದರೆ ನಡೀತದ ಅಂತ ನನ್ನ ಹತ್ರ ಬಂದು ಹೇಳುವವರೂ ಇದ್ದಾರೆ. ಬೆಲ್ಲ ನಾನೂ ತಿಂತೀನಿ, ಆದರೆ ಲಿವರ್‌ಗೆ ಅದು ಸಾವಯವದ್ದೋ ಅಲ್ಲವೋ ತಿಳಿಯೋದಿಲ್ಲ.

ಗಿಡದಿಂದ ಅಂಶ ಹೊರಗೆ ಬರೋದು ಹೆಂಗ?

ಅರಿಶಿನವನ್ನೇ ತಗೊಳ್ಳಿ. ರಾಯಬಾಗ, ಹಾರೂಗೇರಿ ಕಡೆ ಬೆಳೆಯೋದು, ಸಾಂಗ್ಲಿ ಮಾರುಕಟ್ಟೆಗೆ ಹೋಗೋದು ನಿಮಗೆಲ್ಲ ಗೊತ್ತು. ಅದರ ಹಳದಿ ಅಂಶವನ್ನು ಫೋಗೆಲ್ ಮತ್ತು ಪೆಲ್ಟಿಯೇ ಎಂಬ ಇಬ್ಬರು ಯುರೋಪಿನ ರಸಾಯನ ವಿಜ್ಞಾನಿಗಳು ಬೇರ್ಪಡಿಸಿದ್ದು 1815ರಲ್ಲಿ. ಕರ್ಕ್ಯುಮಿನ್ ಅಂತ ನಾವು ಕರೆಯುವ ಆ ಅಣುವಿನ ರಚನೆ ಹೀಗೇ ಇದೆ ಅಂತ ಗೊತ್ತಾಗಿದ್ದು 1910ರಲ್ಲಿ. ನಡುವೆ 95 ವರ್ಷ. ಹೆಸರಿಡೋದು ಸುಲಭ, ಗುರುತು ಹಿಡಿಯೋದು ಕಷ್ಟ.

ಈಗ ಕೆಲಸ ಬೇಗ ಆಗ್ತದ. ಗಿಡದ ಒಣಪುಡಿಯನ್ನು ಆಲ್ಕೋಹಾಲಿನಂಥ ದ್ರಾವಣಗಳಲ್ಲಿ ನೆನೆಸಿ ರಸ ತೆಗೆಯುತ್ತಾರೆ. ಆ ರಸದಲ್ಲಿ ನೂರಾರು ಅಂಶಗಳು ಕಲಸಿರುತ್ತವೆ. ಕ್ರೊಮ್ಯಾಟೋಗ್ರಫಿ ಅನ್ನುವ ವಿಧಾನದಲ್ಲಿ ಒಂದೊಂದನ್ನೇ ಬೇರೆ ಮಾಡುತ್ತಾರೆ. ಶಾಯಿ ಬಿದ್ದ ಕಾಗದವನ್ನು ನೀರಿನಲ್ಲಿ ಅದ್ದಿದರೆ ಬಣ್ಣಗಳು ಬೇರೆ ಬೇರೆ ಎತ್ತರಕ್ಕೆ ಏರುತ್ತವಲ್ಲ, ಅದೇ ತತ್ವ. ಆಮೇಲೆ ಯಂತ್ರಗಳಲ್ಲಿ ಅಣುವಿನ ತೂಕ, ರಚನೆ ನೋಡುತ್ತಾರೆ. ಇಷ್ಟಾದ ಮೇಲೆ ಈ ಗಿಡದಾಗ ಇಂಥ ಅಂಶ ಇದೆ ಎಂದು ಹೇಳಬಹುದು. ಅಷ್ಟೇ. ಲಿವರ್ ಮಾತು ಇನ್ನೂ ಶುರುವೇ ಆಗಿಲ್ಲ.

ಮುಂದಿನ ಹೆಜ್ಜೆ ಗಾಜಿನ ತಟ್ಟೆಯಲ್ಲಿ ಬೆಳೆಸಿದ ಕೋಶಗಳ ಮೇಲೆ, ನಂತರ ಇಲಿಗಳ ಮೇಲೆ. ಇಲ್ಲೊಂದು ಸೂಕ್ಷ್ಮ ಐತಿ, ಮೆಸೇಜ್ ಕಳಿಸೋರು ಇದನ್ನು ಯಾವತ್ತೂ ಹೇಳಂಗಿಲ್ಲ. ನಮ್ಮ ದೇಶದ ಗಿಡಗಳ ಬಗ್ಗೆ ಬಂದ ಲಿವರ್ ಅಧ್ಯಯನಗಳಲ್ಲಿ ಬಹಳಷ್ಟು ಒಂದೇ ಅಚ್ಚಿನವು: ಇಲಿಗೆ ಕಾರ್ಬನ್ ಟೆಟ್ರಾಕ್ಲೋರೈಡ್ ಎಂಬ ವಿಷ ಅಥವಾ ವಿಪರೀತ ಪ್ಯಾರಾಸಿಟಮಾಲ್ ಕೊಟ್ಟು ಲಿವರ್ ಕೆಡಿಸೋದು, ಜೊತೆಗೆ ಗಿಡದ ರಸ ಕೊಟ್ಟು ಹಾನಿ ಎಷ್ಟು ಕಡಿಮೆ ಆಯ್ತು ಅಂತ ಅಳೆಯೋದು. ಉಪಯುಕ್ತ ಪ್ರಯೋಗವೇ. ಆದರೆ ಎರಡು ದಿನದಲ್ಲಿ ವಿಷದಿಂದ ಕೆಟ್ಟ ಇಲಿಯ ಲಿವರ್ ಬೇರೆ, ಹತ್ತು ವರ್ಷ ಕೂತು ತಿಂದು ಕೊಬ್ಬು ಸೇರಿದ ಮನುಷ್ಯನ ಲಿವರ್ ಬೇರೆ. ಒಂದರ ಫಲವನ್ನು ಇನ್ನೊಂದಕ್ಕೆ ಹಚ್ಚೋದು, ಜೋಳಕ್ಕೆ ಶಿಫಾರಸು ಮಾಡಿದ ಗೊಬ್ಬರದ ಪ್ರಮಾಣವನ್ನು ದ್ರಾಕ್ಷಿಗೆ ಹಾಕಿದ ಹಂಗ.

ಬೆಂಗಳೂರಿನ 1998ರ ಪ್ರಯೋಗ

ಅರಿಶಿನದ ಕಥೆಯಲ್ಲಿ ನಮ್ಮ ರಾಜ್ಯದ್ದೇ ಒಂದು ದೊಡ್ಡ ಅಧ್ಯಾಯ ಇದೆ. 1998ರಲ್ಲಿ ಬೆಂಗಳೂರಿನ ಸೇಂಟ್ ಜಾನ್ಸ್ ಮೆಡಿಕಲ್ ಕಾಲೇಜಿನ ಔಷಧಶಾಸ್ತ್ರ ವಿಭಾಗದವರು ಒಂದು ಅಧ್ಯಯನ ಪ್ರಕಟಿಸಿದರು. ಆರೋಗ್ಯವಂತ ಸ್ವಯಂಸೇವಕರಿಗೆ 2 ಗ್ರಾಂ ಶುದ್ಧ ಕರ್ಕ್ಯುಮಿನ್ ಕೊಟ್ಟು ರಕ್ತ ಪರೀಕ್ಷಿಸಿದರೆ ಸಿಕ್ಕಿದ್ದು ಬಹಳ ಕಡಿಮೆ, ಅಥವಾ ಏನೂ ಇಲ್ಲ. 2 ಗ್ರಾಂ ಕರ್ಕ್ಯುಮಿನ್ ಸಣ್ಣ ಪ್ರಮಾಣ ಅಲ್ಲರಿ. ಅರಿಶಿನ ಪುಡಿಯಲ್ಲಿ ಅದು ಸಾಮಾನ್ಯವಾಗಿ ಶೇ 2ರಿಂದ 5ರಷ್ಟು. ಶೇ 3 ಅಂತ ಹಿಡಿದರೂ ಸುಮಾರು 65 ಗ್ರಾಂ ಪುಡಿ ಒಮ್ಮೆಲೇ ತಿಂದ ಹಾಗೆ. ಅಷ್ಟು ತಿಂದರೂ ರಕ್ತಕ್ಕೆ ಸೇರಲಿಲ್ಲ, ಯಾಕಂದರೆ ಕರುಳು ಮತ್ತು ಲಿವರ್ ಅದನ್ನು ಬೇಗ ಬದಲಾಯಿಸಿ ಹೊರಗೆ ಹಾಕಿಬಿಡುತ್ತವೆ.

ಅದೇ 2 ಗ್ರಾಂ ಜೊತೆ 20 ಮಿಲಿಗ್ರಾಂ ಪೈಪರಿನ್, ಅಂದರೆ ಕಾಳುಮೆಣಸಿನ ಖಾರದ ಅಂಶ ಕೊಟ್ಟಾಗ, ದೇಹಕ್ಕೆ ಸಿಕ್ಕ ಕರ್ಕ್ಯುಮಿನ್ ಪ್ರಮಾಣ ಶೇ 2000ದಷ್ಟು ಹೆಚ್ಚಾಯಿತು. ಇವತ್ತು ಜಗತ್ತಿನ ಯಾವುದೇ ಅರಿಶಿನ ಕ್ಯಾಪ್ಸೂಲ್ ಡಬ್ಬಿ ತಿರುಗಿಸಿ ನೋಡಿರಿ, ಬಹಳಷ್ಟರಲ್ಲಿ ಕಾಳುಮೆಣಸಿನ ಸಾರ ಇರ್ತದ. ಅದರ ಬೇರು ಈ ಬೆಂಗಳೂರಿನ ಪ್ರಯೋಗದಲ್ಲಿದೆ.

ಮನುಷ್ಯರ ಫ್ಯಾಟಿ ಲಿವರ್ ಮೇಲೂ ಕರ್ಕ್ಯುಮಿನ್ ಪರೀಕ್ಷೆ ಆಗಿದೆ. ಇರಾನಿನಲ್ಲಿ 2016ರಲ್ಲಿ ಪ್ರಕಟವಾದ ಒಂದು ಪ್ರಯೋಗದಲ್ಲಿ, ದೇಹ ಸುಲಭವಾಗಿ ಹೀರುವಂತೆ ತಯಾರಿಸಿದ ಕರ್ಕ್ಯುಮಿನ್ ಅನ್ನು 8 ವಾರ ಕೊಟ್ಟಾಗ ಶೇ 78.9 ಮಂದಿಯ ಸ್ಕ್ಯಾನಿಂಗ್‌ನಲ್ಲಿ ಕೊಬ್ಬು ಕಡಿಮೆ ಕಂಡಿತು, ಬರೀ ತೋರಿಕೆಯ ಗುಳಿಗೆ ನುಂಗಿದವರಲ್ಲಿ ಶೇ 27.5. ಓದಿದರೆ ಖುಷಿ ಆಗ್ತದ. ಆದರೆ ಎರಡು ತಿಂಗಳ ಸಣ್ಣ ಪ್ರಯೋಗ, ಅಳೆದದ್ದು ಸ್ಕ್ಯಾನಿಂಗ್‌ನಿಂದ. ಲಿವರ್ ಗಟ್ಟಿಯಾಗೋದು ನಿಂತಿತಾ ಅನ್ನೋ ಪ್ರಶ್ನೆಗೆ ಅದು ಉತ್ತರ ಕೊಡೋದಿಲ್ಲ. ಏನೂ ಇಲ್ಲದ ಗುಳಿಗೆ ನುಂಗಿದವರಲ್ಲೂ ನಾಲ್ಕರಲ್ಲಿ ಒಬ್ಬರಿಗೆ ಸುಧಾರಣೆ ಕಂಡಿದೆ ಅನ್ನೋದನ್ನೂ ಗಮನಿಸಿ. ಪಕ್ಕದ ಮನಿಯವರಿಗೆ ಕಷಾಯದಿಂದ ಕಡಿಮೆ ಆಯ್ತು ಅನ್ನೋ ಮಾತು ಯಾಕೆ ಸಾಕಾಗೋದಿಲ್ಲ ಅಂತ ಇಲ್ಲೇ ಗೊತ್ತಾಗ್ತದ.

ಇನ್ನೊಂದು ಮಗ್ಗುಲೂ ಐತಿ. ಅಮೆರಿಕದಲ್ಲಿ ಔಷಧಗಳಿಂದಾಗುವ ಲಿವರ್ ಹಾನಿಯನ್ನು ದಾಖಲಿಸುವ ತಜ್ಞರ ಜಾಲವೊಂದು, ಅರಿಶಿನದ ಉತ್ಪನ್ನಗಳಿಂದ ಲಿವರ್ ಕೆಟ್ಟ 10 ಪ್ರಕರಣಗಳನ್ನು 2022ರಲ್ಲಿ ವರದಿ ಮಾಡಿತು. ಐದು ಜನ ಆಸ್ಪತ್ರೆ ಸೇರಿದ್ದರು, ಒಬ್ಬರು ತೀರಿಕೊಂಡರು. ಹತ್ತರಲ್ಲಿ ಏಳು ಜನರಲ್ಲಿ ಒಂದೇ ನಮೂನೆಯ ವಂಶವಾಹಿ ಗುರುತು ಸಿಕ್ಕಿತು. ಅಂದರೆ ಎಲ್ಲರಿಗೂ ಅಪಾಯ ಅಂತಲ್ಲ, ಕೆಲವರ ದೇಹ ಅದನ್ನು ತಾಳೋದಿಲ್ಲ. ಪರೀಕ್ಷಿಸಿದ ಉತ್ಪನ್ನಗಳಲ್ಲಿ ಕೆಲವದರಲ್ಲಿ ಪೈಪರಿನ್ ಇತ್ತು. ದೇಹ ಯಾವುದನ್ನು ಹೊರಗೆ ಹಾಕಬೇಕೋ ಅದನ್ನು ತಡೆಯೋದೇ ಪೈಪರಿನ್ ಕೆಲಸ. ಹಾಗಾಗಿ ನೀವು ನುಂಗುವ ಬೇರೆ ಗುಳಿಗೆಗಳ ಪ್ರಮಾಣವೂ ರಕ್ತದಲ್ಲಿ ಏರಬಹುದು. ಸಾರು, ಪಲ್ಯಕ್ಕೆ ಹಾಕೋ ಅರಿಶಿನದ ಬಗ್ಗೆ ಯಾರೂ ಹೆದರಬೇಕಾಗಿಲ್ಲ. ಅಡಿಗೆಮನಿ ಡಬ್ಬಿಯ ಅರಿಶಿನ ಬೇರೆ, ಹತ್ತಾರು ಪಟ್ಟು ಗಟ್ಟಿ ಮಾಡಿದ ಕ್ಯಾಪ್ಸೂಲ್ ಬೇರೆ.

ದ್ರಾಕ್ಷಿ ಲೆಕ್ಕ

ಐಗಳಿ, ತೆಲಸಂಗ ಕಡೆ ದ್ರಾಕ್ಷಿ ಪಡ ಇರುವವರಿಗೆ ಇದು ಸ್ವಾರಸ್ಯ ಅನಿಸಬಹುದು. ದ್ರಾಕ್ಷಿ ಸಿಪ್ಪೆಯಲ್ಲಿ ರೆಸ್ವೆರಟ್ರಾಲ್ ಎಂಬ ಅಂಶ ಇದೆ. ಬಳ್ಳಿ ಇದನ್ನು ತಯಾರಿಸೋದು ನಮ್ಮ ಲಿವರ್‌ಗಾಗಿ ಅಲ್ಲ, ಶಿಲೀಂಧ್ರ ರೋಗ ಬಂದಾಗ, ಬಿಸಿಲಿನ ಅತಿನೇರಳೆ ಕಿರಣ ಬಿದ್ದಾಗ ತನ್ನನ್ನು ತಾನು ಕಾಯ್ದುಕೊಳ್ಳಲಿಕ್ಕೆ.

ಇಲಿಗಳಲ್ಲಿ ಇದು ಲಿವರ್ ಕೊಬ್ಬು ಇಳಿಸಿತ್ತು. ಆಸ್ಟ್ರೇಲಿಯಾದಲ್ಲಿ ಫ್ಯಾಟಿ ಲಿವರ್ ಇದ್ದ ದಪ್ಪ ಗಂಡಸರಿಗೆ ದಿನಕ್ಕೆ 3000 ಮಿಲಿಗ್ರಾಂನಂತೆ 8 ವಾರ ಕೊಟ್ಟು ನೋಡಿದರು. 2014ರಲ್ಲಿ ಬಂದ ಫಲಿತಾಂಶ: ಏನೂ ಪ್ರಯೋಜನ ಇಲ್ಲ. ಈಗ ಲೆಕ್ಕ ಹಾಕಿರಿ. ತಾಜಾ ಸಿಪ್ಪೆಯ ಒಂದು ಗ್ರಾಂನಲ್ಲಿ ಈ ಅಂಶ 50ರಿಂದ 100 ಮೈಕ್ರೋಗ್ರಾಂ ಅಂತ ಹೇಳುತ್ತಾರೆ. ಹೆಚ್ಚಿನದ್ದನ್ನೇ ಹಿಡಿದರೂ 3000 ಮಿಲಿಗ್ರಾಂಗೆ 30 ಕಿಲೋ ಸಿಪ್ಪೆ ಬೇಕು. ಹಣ್ಣಲ್ಲ, ಬರೀ ಸಿಪ್ಪೆ, ಅದೂ ಒಂದು ದಿನಕ್ಕೆ. ಅಷ್ಟು ಕೊಟ್ಟಾಗಲೇ ಲಿವರ್ ಜಪ್ಪಯ್ಯ ಅನ್ನಲಿಲ್ಲ. ಇನ್ನು ಒಣದ್ರಾಕ್ಷಿಯ ತೂಕದಲ್ಲಿ ಅರ್ಧಕ್ಕಿಂತ ಜಾಸ್ತಿ ಸಕ್ಕರೆಯೇ. ನಮ್ಮ ಒಣದ್ರಾಕ್ಷಿ ರುಚಿಗೆ ತಿನ್ನಿರಿ, ಚೆಂದ ಮಾರಿರಿ, ಲಿವರ್ ಔಷಧಿ ಅಂತ ಲೇಬಲ್ ಹಚ್ಚಬ್ಯಾಡ್ರಿ.

ನೆಲನೆಲ್ಲಿ: ಮೊದಲು ಗಿಡ ಯಾವುದು ಹೇಳಿರಿ

ಕಾಮಾಲೆಗೆ ನೆಲನೆಲ್ಲಿ ಕೊಡೋದು ನಮ್ಮಲ್ಲಿ ತಲೆತಲಾಂತರದ ರೂಢಿ. ಇದರಲ್ಲಿ ಫಿಲಾಂಥಿನ್, ಹೈಪೋಫಿಲಾಂಥಿನ್ ಎಂಬ ಅಂಶಗಳನ್ನು ಗುರುತಿಸಿದ್ದಾರೆ. 1988ರಲ್ಲಿ ಮದ್ರಾಸಿನ ವಿಜ್ಞಾನಿಗಳು ಲ್ಯಾನ್ಸೆಟ್ ಪತ್ರಿಕೆಯಲ್ಲಿ ಪ್ರಕಟಿಸಿದ ವರದಿ ಜಗತ್ತಿನ ಗಮನ ಸೆಳೆದಿತ್ತು. ಹೆಪಟೈಟಿಸ್ ಬಿ ವೈರಸ್ ಇದ್ದ 37 ಜನರಿಗೆ ನೆಲನೆಲ್ಲಿ ಕೊಟ್ಟಾಗ 22 ಜನರ ರಕ್ತದಿಂದ ವೈರಸ್ಸಿನ ಗುರುತು ಮಾಯವಾಗಿತ್ತು. ಮುಂದೆ ಬೇರೆ ಬೇರೆ ಕಡೆ ಮಾಡಿದ ಪ್ರಯೋಗಗಳಲ್ಲಿ ಅಂಥ ಫಲ ಮತ್ತೆ ಬರಲಿಲ್ಲ. ಮತ್ತೆ ಅದು ವೈರಸ್ಸಿನ ರೋಗದ ಮಾತು, ಫ್ಯಾಟಿ ಲಿವರ್‌ದಲ್ಲ. ಮೆಸೇಜ್‌ಗಳಲ್ಲಿ ಎರಡನ್ನೂ ಕಲಸಿಬಿಟ್ಟಿರ್ತಾರ.

ತೋಟಗಾರಿಕೆ ಓದಿದವನಾಗಿ ನನಗೆ ಇದಕ್ಕಿಂತ ದೊಡ್ಡ ಚಿಂತೆ ಬೇರೆ. ಬೆಂಗಳೂರಿನ ಜಿಕೆವಿಕೆ ಕೃಷಿ ವಿಶ್ವವಿದ್ಯಾಲಯದ ಸಂಶೋಧಕರು ದಕ್ಷಿಣ ಭಾರತದ 25 ಅಂಗಡಿಗಳಿಂದ ನೆಲನೆಲ್ಲಿ ಎಂದು ಮಾರುವ ಒಣಗಿಡ ತಂದು ಪರೀಕ್ಷಿಸಿದರು. ಎಲೆ, ಕಾಯಿ ನೋಡಿಯೂ ಗುರುತು ಹಿಡಿದರು, ಡಿಎನ್‌ಎ ಪರೀಕ್ಷೆಯನ್ನೂ ಮಾಡಿದರು. 2010ರಲ್ಲಿ ಪ್ರಕಟವಾದ ಆ ಅಧ್ಯಯನದ ಪ್ರಕಾರ ಶೇ 76 ಅಂಗಡಿಗಳಲ್ಲಿ ಸಿಕ್ಕಿದ್ದು ಸರಿಯಾದ ಫಿಲಾಂಥಸ್ ಅಮಾರಸ್. ಉಳಿದ ಶೇ 24ರಲ್ಲಿ ಅದರ ದಾಯಾದಿ ಜಾತಿಗಳು, ಒಟ್ಟು ಐದು ನಮೂನೆ. ಕಸುಬೇ ಅದಾಗಿರುವ ಅಂಗಡಿಯವರ ಕಥೆ ಹಿಂಗಾದರೆ, ಮೊಬೈಲ್ ಆ್ಯಪ್‌ನಲ್ಲಿ ಫೋಟೋ ಹೊಡೆದು ಗಿಡ ಕೀಳುವವರ ಕಥೆ ಏನು?

ಹೊಲದಲ್ಲಿ ನೋಡಬೇಕಾದದ್ದು ಇಷ್ಟು. ಚಿಕ್ಕ ರೆಂಬೆಯನ್ನು ತಿರುಗಿಸಿ ಕೆಳಗೆ ನೋಡಿರಿ. ಫಿಲಾಂಥಸ್ ಅಮಾರಸ್‌ನಲ್ಲಿ ಸಾಸಿವೆಗಿಂತ ಸ್ವಲ್ಪ ದೊಡ್ಡದಾದ ನುಣುಪು ಕಾಯಿಗಳು ಸಣ್ಣ ತೊಟ್ಟಿನಲ್ಲಿ ಸಾಲಾಗಿ ಜೋತಿರುತ್ತವೆ. ಕಾಯಿ ತೊಟ್ಟಿಲ್ಲದೆ ರೆಂಬೆಗೆ ಅಂಟಿಕೊಂಡು, ಮೈ ಒರಟಾಗಿದ್ದರೆ ಅದು ಫಿಲಾಂಥಸ್ ಯುರಿನೇರಿಯಾ ಇರಬಹುದು. ಹೂವಿನ ಎಸಳು ಭೂತಗನ್ನಡಿಯಲ್ಲಿ ಎಣಿಸಿದರೆ ಅಮಾರಸ್‌ಗೆ ಐದು, ಫ್ರೇಟರ್ನಸ್ ಎಂಬ ಇನ್ನೊಂದಕ್ಕೆ ಆರು. ಎಲ್ಲಕ್ಕಿಂತ ಮೊದಲು ದಂಟು ಮುರಿಯಿರಿ. ಬಿಳಿ ಹಾಲು ಬಂದರೆ ಅದು ನೆಲನೆಲ್ಲಿಯೇ ಅಲ್ಲ, ಯುಫೋರ್ಬಿಯಾ ಜಾತಿಯ ಕಳೆ. ಬಾಯಿಗೆ ಹಾಕಬ್ಯಾಡ್ರಿ.

ಇನ್ನೊಂದು ಮಾತು, ಇದು ನಮ್ಮ ಭಾಗಕ್ಕೇ ಮುಖ್ಯ. ದ್ರಾಕ್ಷಿ ಸಾಲಿನ ನಡುವೆ, ಡ್ರಿಪ್ ನೀರು ಬೀಳೋ ಕಡೆ ನೆಲನೆಲ್ಲಿ ಹುಲುಸಾಗಿ ಬೆಳೀತದ. ಅಲ್ಲಿ ಡೌನಿ, ಭುರಿಗೆ ಅಂತ ಹಂಗಾಮಿನುದ್ದಕ್ಕೂ ಸ್ಪ್ರೇ ಬಿದ್ದಿರ್ತದ. ಹಣ್ಣಿಗಾದರೆ ಕೊಯ್ಲಿಗೆ ಇಷ್ಟು ದಿನ ಮುಂಚೆ ಸಿಂಪರಣೆ ನಿಲ್ಲಿಸಬೇಕು ಅಂತ ನಿಯಮ ಇದೆ, ಕೆಳಗಿನ ಕಳೆಗೆ ಯಾವ ಲೆಕ್ಕವೂ ಇಲ್ಲ. ಬೋರ್ಡೋ ಹೊಡೆಯುವ ಸಾವಯವ ಪಡದಲ್ಲೂ ತಾಮ್ರ ಇರ್ತದ. ಲಿವರ್ ಸುಧಾರಿಸಲಿಕ್ಕೆ ಅಂತ ಅದನ್ನು ಅರೆದು ಕುಡಿದರೆ ಆ ವಿಷವನ್ನು ಜಾಲಾಡಿ ಹೊರಗೆ ಹಾಕೋ ಕೆಲಸವೂ ಅದೇ ಲಿವರ್‌ಗೇ ಬೀಳ್ತದ.

ಮುಳ್ಳು ದತ್ತೂರಿ ಮತ್ತು ಅಮೃತಬಳ್ಳಿ

ಸಿಲಿಮಾರಿನ್ ಅನ್ನೋ ಗುಳಿಗೆ ಹೆಸರು ಕೆಲವರು ಕೇಳಿರಬಹುದು. ಅದು ಬರೋದು ಮಿಲ್ಕ್ ಥಿಸಲ್ ಎಂಬ ಮುಳ್ಳುಗಿಡದ ಬೀಜದಿಂದ. ಮಲೇಶಿಯಾದಲ್ಲಿ 48 ವಾರ ನಡೆದು 2017ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ಲಿವರ್‌ನ ತುಣುಕು ತೆಗೆದೇ ಪರೀಕ್ಷಿಸಿದರು. ಮುಖ್ಯ ಗುರಿಯಲ್ಲಿ ಗುಳಿಗೆಗೂ ತೋರಿಕೆ ಗುಳಿಗೆಗೂ ಹೇಳಿಕೊಳ್ಳುವ ಫರಕು ಸಿಗಲಿಲ್ಲ. ಲಿವರ್ ಗಟ್ಟಿಯಾಗೋದು ಮಾತ್ರ ಸ್ವಲ್ಪ ಹೆಚ್ಚು ಜನರಲ್ಲಿ ಕಡಿಮೆ ಆಗಿತ್ತು. ಹಾಗಾಗಿ ಅದರ ಮೇಲೆ ಆಸೆ ಇನ್ನೂ ಪೂರ್ತಿ ಹೋಗಿಲ್ಲ.

ನನ್ನ ಭಯ ಏನಂದರೆ, ಆ ಗಿಡದ ಎಲೆಯಲ್ಲೂ ಬಿಳಿ ಗೆರೆ, ಅಂಚಿಗೆ ಮುಳ್ಳು. ನಮ್ಮ ಬದುವಿನ ಮೇಲಿನ ಹಳದಿ ಹೂವಿನ ಮುಳ್ಳು ದತ್ತೂರಿಯ ಎಲೆಯಲ್ಲೂ ಅದೇ. ಮಿಲ್ಕ್ ಥಿಸಲ್ ಹೂವು ನೇರಳೆ ಬಣ್ಣದ್ದು, ದತ್ತೂರಿ ಮುರಿದರೆ ಹಳದಿ ಹಾಲು ಬರ್ತದ. 1998ರಲ್ಲಿ ದಿಲ್ಲಿಯಲ್ಲಿ ಸಾಸಿವೆ ಎಣ್ಣೆಗೆ ಇದೇ ದತ್ತೂರಿ ಬೀಜದ ಎಣ್ಣೆ ಬೆರೆತು 60ಕ್ಕೂ ಹೆಚ್ಚು ಜನ ಸತ್ತರು. ಸೋಜಿಗ ನೋಡ್ರಿ, ಈ ದತ್ತೂರಿಯಲ್ಲಿ ಬರ್ಬರಿನ್ ಕೂಡ ಇದೆ. ಫ್ಯಾಟಿ ಲಿವರ್‌ಗೆ ಆಗಬಹುದಾ ಅಂತ ಇವತ್ತು ಸಂಶೋಧನೆ ನಡೆದಿರುವ ಅಂಶಗಳಲ್ಲಿ ಅದೂ ಒಂದು. ಅದೇ ಗಿಡದಾಗ ಸಾಂಗ್ವಿನರಿನ್ ಎಂಬ ವಿಷವೂ ಇದೆ. ಪ್ರಯೋಗಾಲಯದವರು ಬೇಕಾದ್ದನ್ನು ಮಾತ್ರ ತೆಗೆದುಕೊಳ್ತಾರ, ಕಷಾಯ ಕುದಿಸೋರಿಗೆ ಎರಡೂ ಬರ್ತಾವ.

ಅಮೃತಬಳ್ಳಿ ಬಗ್ಗೆಯೂ ಜಗಳ ಐತಿ. ಕೊರೊನಾ ಕಾಲದಲ್ಲಿ ಅದನ್ನು ಕುಡಿದು ಲಿವರ್ ಕೆಟ್ಟ 43 ಜನರ ವಿವರಗಳನ್ನು ದೇಶದ ಹಲವು ಆಸ್ಪತ್ರೆಗಳ ಲಿವರ್ ತಜ್ಞರು ಸೇರಿ ಪ್ರಕಟಿಸಿದರು. ಆಯುಷ್ ಸಚಿವಾಲಯ ಇದನ್ನು ಒಪ್ಪಲಿಲ್ಲ. ಅಮೃತಬಳ್ಳಿ ಸುರಕ್ಷಿತ, ಅದೇ ಹೋಲಿಕೆಯ ಟೈನೋಸ್ಪೋರಾ ಕ್ರಿಸ್ಪಾ ಎಂಬ ಬೇರೆ ಬಳ್ಳಿಯಿಂದ ತೊಂದರೆ ಆಗಿರಬಹುದು ಎಂದಿತು. ಯಾರ ಮಾತು ನಂಬಿದರೂ ರೈತನಿಗೆ ಬರುವ ಕೆಲಸ ಒಂದೇ: ಬಳ್ಳಿ ಯಾವುದು ಅಂತ ಖಾತ್ರಿ ಇಲ್ಲದೆ ಯಾರಿಗೂ ಕೊಡಬಾರದು.

ಬೆಳೆಯೋದಾದರೆ

ಖರೀದಿ ಒಪ್ಪಂದದ ಮೆಸೇಜ್ ಬಂದರೆ ಫೋನ್ ಮಾಡಿ ಕೇಳಿರಿ. ಗಿಡದ ವೈಜ್ಞಾನಿಕ ಹೆಸರು ಏನು, ಯಾವ ಭಾಗ ಬೇಕು, ಯಾವ ಅಂಶ ಶೇಕಡಾ ಎಷ್ಟಿರಬೇಕು, ಪರೀಕ್ಷೆ ಯಾವ ಲ್ಯಾಬ್‌ನಲ್ಲಿ, ಅಷ್ಟು ಬರದಿದ್ದರೆ ಮಾಲಿಗೆ ದರ ಎಷ್ಟು? ಕೊನೆಯ ಪ್ರಶ್ನೆಗೆ ಬಾಯಿಮಾತಿನ ಉತ್ತರ ಬೇಡ, ಕಾಗದದ ಮೇಲೆ ಬೇಕು. ಅರಿಶಿನದಲ್ಲೇ ತಳಿ, ಮಣ್ಣು, ಒಣಗಿಸೋ ರೀತಿ ನೋಡಿ ಕರ್ಕ್ಯುಮಿನ್ ಏರುಪೇರಾಗ್ತದ. ನಿಮ್ಮ ಮಾಲಿನಲ್ಲಿ ಅಂಶ ಕಡಿಮೆ ಬಂತು ಅಂತ ಹೇಳಿ ದರ ಇಳಿಸೋದು ಸುಲಭ, ಪರೀಕ್ಷೆ ಅವರ ಕೈಯಲ್ಲೇ ಇದ್ದರಂತೂ ಇನ್ನೂ ಸುಲಭ.

ಗಿಡದ ಗುರುತಿಗೆ ಹೂವು, ಕಾಯಿ, ಬೇರು ಸಮೇತ ಒಂದು ಗಿಡ ಕಿತ್ತು ಹಳೇ ಪೇಪರ್ ನಡುವೆ ಒತ್ತಿ ಒಣಗಿಸಿ ಇಟ್ಟುಕೊಳ್ಳಿ. ತುಕ್ಕಾನಟ್ಟಿ ಕೃಷಿ ವಿಜ್ಞಾನ ಕೇಂದ್ರದಲ್ಲೋ, ಅರಭಾವಿ ತೋಟಗಾರಿಕೆ ಕಾಲೇಜಿನಲ್ಲೋ, ಹತ್ತಿರದ ಕಾಲೇಜಿನ ಸಸ್ಯಶಾಸ್ತ್ರ ವಿಭಾಗದಲ್ಲೋ ತೋರಿಸಿ. ಮೊಬೈಲ್ ಫೋಟೋಕ್ಕಿಂತ ಆ ಒಣಗಿಡ ಹೆಚ್ಚು ಮಾತಾಡ್ತದ.

ನಿಮಗೇ ಫ್ಯಾಟಿ ಲಿವರ್ ಇದ್ದರೆ

ಇವತ್ತಿನವರೆಗೆ ಗಟ್ಟಿ ಆಧಾರ ಇರುವ ಉಪಾಯ ತೂಕ ಇಳಿಸೋದು. ಮೈತೂಕದ ಶೇ 7ರಿಂದ 10ರಷ್ಟು ಕಡಿಮೆಯಾದರೆ ಕೊಬ್ಬಷ್ಟೇ ಅಲ್ಲ, ಉರಿಯೂತವೂ ಇಳಿಯುತ್ತದೆ. 80 ಕಿಲೋ ಇರುವವರಿಗೆ ಅದು 6ರಿಂದ 8 ಕಿಲೋ. ಅಮೆರಿಕದಲ್ಲಿ 2024ರ ಮಾರ್ಚ್‌ನಲ್ಲಿ ರೆಸ್ಮೆಟಿರೋಮ್ ಎಂಬ ಗುಳಿಗೆಗೆ ಮೊದಲ ಬಾರಿ ಒಪ್ಪಿಗೆ ಸಿಕ್ಕಿತು. ಅದೂ ಲಿವರ್ ಒಂದು ಹಂತಕ್ಕೆ ಗಟ್ಟಿಯಾದವರಿಗೆ, ಆಹಾರ ಮತ್ತು ವ್ಯಾಯಾಮದ ಜೊತೆಗೆ. ಯಾವ ಗಿಡದ ಅಂಶಕ್ಕೂ ಈ ರೋಗದ ಔಷಧಿ ಅಂತ ಅಂಥ ಒಪ್ಪಿಗೆ ಇನ್ನೂ ಸಿಕ್ಕಿಲ್ಲ. ಸಕ್ಕರೆ ಕಾಯಿಲೆ ಇದ್ದರೆ ಅದನ್ನು ಹತೋಟಿಯಲ್ಲಿ ಇಡಿ, ದಾರೂ ಬಿಡಿ, ಡಾಕ್ಟರು ಹೇಳಿದ ಅವಧಿಗೆ ರಕ್ತ ಪರೀಕ್ಷೆ ಮಾಡಿಸಿ.

ಕಷಾಯವೋ ಕ್ಯಾಪ್ಸೂಲೋ ಈಗಾಗಲೇ ಶುರು ಮಾಡಿದ್ದರೆ ಡಾಕ್ಟರ ಮುಂದೆ ಮುಚ್ಚಿಡಬ್ಯಾಡ್ರಿ. ಕಣ್ಣು ಹಳದಿ ಆಗೋದು, ಮೂತ್ರ ಕಟ್ಟು ಚಹಾದ ಬಣ್ಣಕ್ಕೆ ತಿರುಗೋದು, ಮೈ ತುರಿಕೆ, ಊಟ ಬೇಡ ಅನಿಸೋದು ಕಂಡರೆ ಅವತ್ತೇ ಅದನ್ನು ನಿಲ್ಲಿಸಿ ಆಸ್ಪತ್ರೆಗೆ ಹೋಗಿರಿ. ಹೋಗುವಾಗ ಬಾಟ್ಲಿ, ಅದರ ಲೇಬಲ್, ಮನಿಯಲ್ಲೇ ಅರೆದಿದ್ದರೆ ಆ ಗಿಡದ ಒಂದು ಟೊಂಗೆ ಚೀಲದಾಗ ಹಾಕ್ಕೊಂಡು ಹೋಗ್ರಿ.